ಚಂದ್ರನ ಮೇಲೆ ಕಾಲಿಟ್ಟ ‘ನಾವು’ ಯಾರು?

ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಬೆಂಚು ಸರಿಸಿ, ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿ, ನಾವು ಮೂರು ರಾತ್ರಿ ಒಂದು ಚಿತ್ರ ನೋಡಿದೆವು. ಹಾಸ್ಟೆಲಿನ ಹುಡುಗರು, ಸುತ್ತಲ ಹಳ್ಳಿಗಳ ನಾಲ್ಕು ಜನ ಮೇಷ್ಟ್ರು, ಸಂಘಟನೆಯ ನಾವೊಂದಿಷ್ಟು ಜನ. ಚಿತ್ರದ ಹೆಸರು ‘ಚೇಸಿಂಗ್ ದ ಮೂನ್’. ಮಾಡಿದವರು ಅಮೆರಿಕದ ರಾಬರ್ಟ್ ಸ್ಟೋನ್. 2019ರಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿದು ಐವತ್ತು ವರ್ಷ ತುಂಬಿದಾಗ, ಅಲ್ಲಿನ ಸಾರ್ವಜನಿಕ ಟೆಲಿವಿಷನ್ನಿನಲ್ಲಿ ಬಂದದ್ದು. ಮೂರು ಭಾಗ, ಒಟ್ಟು ಸುಮಾರು ಆರು ಗಂಟೆ. ಇದರಲ್ಲಿ ನಿರೂಪಕನ ದನಿ ಇಲ್ಲ. ಆ ಕಾಲದಲ್ಲಿ ತೆಗೆದ ರೀಲುಗಳು, ಅದರ ಮೇಲೆ ಆ ಕಾಲವನ್ನು ಬದುಕಿದವರ ಮಾತು, ಅಷ್ಟೆ. ಹೀಗೆ ತಿಳಿದುಕೊಳ್ಳಿ ಅಂತ ಹೇಳುವವರು ಯಾರೂ ಇಲ್ಲದ್ದರಿಂದ ಜಗಳ ಆಡುವ ಕೆಲಸ ನಮ್ಮ ಪಾಲಿಗೆ ಬಂತು.

ಇಂಗ್ಲಿಷ್ ಬಲ್ಲ ಒಬ್ಬ ಮೇಷ್ಟ್ರು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದರು. ‘ನಾವು ಚಂದ್ರನ ಮೇಲೆ ಇಳಿದೆವು’ ಅಂತ ಅವರು ಹೇಳಿದ್ದೇ, ಹಿಂದೆ ಕೂತಿದ್ದ ಒಬ್ಬ ಹುಡುಗ ಕೈ ಎತ್ತಿದ. ಪಾವಗಡದ ಕಡೆಯವನು, ಮನೆಮಾತು ತೆಲುಗು. ‘ಸಾರ್, ನಾವು ಅಂದ್ರೆ ಮೇಮು ಅಂತಾನಾ, ಮನಂ ಅಂತಾನಾ?’ ಅಂದ.

ತೆಲುಗಿನಲ್ಲಿ ಎರಡು ‘ನಾವು’ ಇವೆ. ಮೇಮು ಅಂದರೆ ನಿನ್ನನ್ನು ಬಿಟ್ಟು ನಾವು. ಮನಂ ಅಂದರೆ ನಿನ್ನನ್ನೂ ಸೇರಿಸಿಕೊಂಡು ನಾವು. ಕನ್ನಡದ ‘ನಾವು’ ಎರಡಕ್ಕೂ ಒಂದೇ. ಇಂಗ್ಲಿಷಿನದೂ ಹಾಗೇ. ಯಾರನ್ನು ಒಳಗೆ ತಗೊಂಡಿದೆ, ಯಾರನ್ನು ಹೊರಗೆ ಬಿಟ್ಟಿದೆ ಅನ್ನೋದು ಆ ಪದದಲ್ಲಿ ಕಾಣೋದಿಲ್ಲ. ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ. ಆ ಪ್ರಶ್ನೆಯ ಹಿಂದೆ ಹೋದದ್ದರ ಲೆಕ್ಕ ಈ ಬರಹ.

1969ರ ಜುಲೈಯಲ್ಲಿ ಚಂದ್ರನ ಮೇಲೆ ಇಳಿದ ನೌಕೆಯ ಕಾಲಿಗೆ ಒಂದು ಲೋಹದ ಫಲಕ ಕಟ್ಟಿದ್ದರು. ಇಡೀ ಮನುಕುಲಕ್ಕಾಗಿ ನಾವು ಶಾಂತಿಯಿಂದ ಬಂದೆವು ಅಂತ ಅದರ ಒಕ್ಕಣೆ. ಕೆಳಗೆ ಮೂವರು ಯಾತ್ರಿಗಳ ಸಹಿ, ಅಧ್ಯಕ್ಷ ನಿಕ್ಸನ್ನನ ಸಹಿ. ಅದೇ ತಿಂಗಳು ಅದೇ ಸರ್ಕಾರದ ವಿಮಾನಗಳು ಕಾಂಬೋಡಿಯಾದ ಮೇಲೆ ಗುಟ್ಟಾಗಿ ಬಾಂಬು ಸುರಿಯುತ್ತಿದ್ದವು. ಕಾಂಬೋಡಿಯಾದ ರೈತ ಆ ಫಲಕದ ಮನುಕುಲದಲ್ಲಿ ಇದ್ದನೋ ಇಲ್ಲವೋ?

ಮೊದಲ ರಾತ್ರಿ ನಮ್ಮೊಳಗೆ ಬಂದ ಉತ್ತರ ಸುಲಭದ್ದು. ಇದೆಲ್ಲ ಹೊಟ್ಟೆ ತುಂಬಿದವರ ಆಟ, ಮೊದಲು ಅನ್ನ, ಆಮೇಲೆ ಚಂದ್ರ. ಲೆಕ್ಕವೂ ಕೈಗೆ ಸಿಗುತ್ತದೆ. ಅಪೊಲೊ ಯೋಜನೆಗೆ ಆ ಕಾಲದಲ್ಲೇ ಸುಮಾರು 2,500 ಕೋಟಿ ಡಾಲರ್ ಖರ್ಚಾಯಿತು. 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಖರ್ಚು ಮಾಡಿದ ಪ್ರತಿ ನೂರು ಡಾಲರಿನಲ್ಲಿ ನಾಲ್ಕಕ್ಕೂ ಹೆಚ್ಚು ಡಾಲರ್ ನಾಸಾಗೆ ಹೋಯಿತು. ಅದೇ ವರ್ಷಗಳಲ್ಲಿ ಅಲ್ಲಿನ ಕಪ್ಪು ಜನರ ಕೇರಿಗಳಲ್ಲಿ ಇಲಿ ಕಚ್ಚಿ ಮಕ್ಕಳು ನರಳುತ್ತಿದ್ದರು. ಗಿಲ್ ಸ್ಕಾಟ್-ಹೆರನ್ ಅನ್ನುವ ಇಪ್ಪತ್ತರ ಹರೆಯದ ಕಪ್ಪು ಕವಿ 1970ರಲ್ಲಿ ಇದನ್ನೇ ಹಾಡಿ ಕೇಳಿದ.

ಈ ಉತ್ತರ ನಮಗೆ ಹಿತವಾಗಿಯೇ ಇತ್ತು. ಅದನ್ನು ಕೆಡಿಸಿದವನು ಎರಡನೇ ಪಿಯುಸಿಯ ಒಬ್ಬ ಹುಡುಗ. ಅವನ ಮಾತನ್ನು ಅವನು ಹೇಳಿದಂತೆಯೇ ಬರೆಯುತ್ತೇವೆ: ‘ನಂಗೆ ಸೈನ್ಸ್ ಬೇಕು ಅಂದಾಗ ಒಬ್ರು ಹೇಳಿದ್ರು, ನಿಮ್ಮಂಥ ಮನೆಗೆ ಸೈನ್ಸ್ ಯಾಕಪ್ಪ, ಬೇಗ ಒಂದು ಕೆಲಸ ಹಿಡಿ, ಮೊದಲು ಹೊಟ್ಟೆ ಅಂತ. ಮೊದಲು ಹೊಟ್ಟೆ ಅನ್ನೋದನ್ನ ನಮಗೆ ಮಾತ್ರ ಯಾಕೆ ಹೇಳ್ತಾರೆ? ನೀವೂ ಅದನ್ನೇ ಹೇಳಿದ್ರೆ ಅವರಿಗೂ ನಿಮಗೂ ಏನು ವ್ಯತ್ಯಾಸ?’

ಹೌದಲ್ಲ. ಹಸಿದವನ ಪರವಾಗಿ ಆಡುವ ಮಾತು ಹಸಿದವನನ್ನು ಬರೀ ಹೊಟ್ಟೆ ಮಾಡಿಬಿಡಬಹುದು. ಅವನಿಗೆ ಕಣ್ಣಿಲ್ಲವೆ, ಬೆರಗಿಲ್ಲವೆ, ಆಕಾಶ ನೋಡುವ ಕತ್ತಿಲ್ಲವೆ? ಸಾವಿರಾರು ವರ್ಷ ನಮ್ಮ ಜನಕ್ಕೆ ಅಕ್ಷರ ತಪ್ಪಿಸಿದವರೂ ಹೇಳಿದ್ದು ಇದನ್ನೇ: ನಿನಗೆ ಯಾಕೆ ಅದು, ನಿನ್ನ ಕೆಲಸ ನೀನು ನೋಡು. ಹಾಗಾದರೆ ‘ಅನ್ನವೋ ಚಂದ್ರನೋ’ ಅನ್ನುವ ಪ್ರಶ್ನೆಯಲ್ಲೇ ಏನೋ ಮೋಸ ಇದೆ. ಅದನ್ನು ಒಪ್ಪಿಕೊಂಡು ಉತ್ತರ ಹುಡುಕಿದರೆ, ಯಾವ ಉತ್ತರ ಕೊಟ್ಟರೂ ಸೋಲುವವರು ನಾವೇ.

ಈ ಮೋಸವನ್ನು ಕಂಡುಕೊಂಡ ಒಬ್ಬರು ಆ ಕಾಲದಲ್ಲೇ ಇದ್ದರು. ರಾಲ್ಫ್ ಅಬರ್ನಥಿ. ಮಾರ್ಟಿನ್ ಲೂಥರ್ ಕಿಂಗ್‌ರ ಒಡನಾಡಿ. 1968ರ ಏಪ್ರಿಲ್‌ನಲ್ಲಿ ಕಿಂಗ್ ಕೊಲೆಯಾದ ಮೇಲೆ ಅವರ ಸಂಘಟನೆಯ ಹೊಣೆ ಹೊತ್ತವರು. ಅಮೆರಿಕದ ಕಪ್ಪು ಜನರ ಹೋರಾಟ ನಮಗೆ ದೂರದ್ದಲ್ಲ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರು ತಗೊಂಡದ್ದೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ.

1969ರ ಜುಲೈ 15. ಮಾರನೇ ದಿನ ಬೆಳಿಗ್ಗೆ ಅಪೊಲೊ 11 ಏರಬೇಕು. ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದ ಬಾಗಿಲಿಗೆ ಅಬರ್ನಥಿ ಬಡ ಕುಟುಂಬಗಳನ್ನು ಕರೆದುಕೊಂಡು ಬಂದರು. ಜೊತೆಗೆ ಹೇಸರಗತ್ತೆ ಕಟ್ಟಿದ ಬಂಡಿ. ಒಂದು ಕಡೆ ಮೂವತ್ತಾರು ಮಹಡಿ ಎತ್ತರದ ಸ್ಯಾಟರ್ನ್ 5 ರಾಕೆಟ್ಟು, ಇನ್ನೊಂದು ಕಡೆ ಹೇಸರಗತ್ತೆ. ಸಣ್ಣಗೆ ಮಳೆ ಹನಿಯುತ್ತಿತ್ತು. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಬಯಲಿಗೆ ಬಂದು ಅವರ ಎದುರು ನಿಂತರು.

ಅಬರ್ನಥಿ ರಾಕೆಟ್ ಹಾರಿಸಬೇಡಿ ಅಂತ ಕೇಳಲಿಲ್ಲ. ಇದು ಮುಖ್ಯ. ಈ ದೇಶದ ಐದರಲ್ಲಿ ಒಂದು ಪಾಲು ಜನಕ್ಕೆ ಸರಿಯಾದ ಊಟ, ಬಟ್ಟೆ, ಸೂರು, ಔಷಧಿ ಇಲ್ಲ. ಇಷ್ಟೆಲ್ಲ ಬಲ್ಲ ನೀವು ಆ ಬುದ್ಧಿಯನ್ನು ಹಸಿವಿನ ಮೇಲೂ ಹೂಡಿ ಅಂತ ಕೇಳಿದರು. ಅಷ್ಟು ಕೇಳಿ, ನಮ್ಮವರೂ ರಾಕೆಟ್ ಏರುವುದನ್ನು ನೋಡಬೇಕು, ಒಳಗೆ ಬಿಡಿ ಅಂದರು. ಪೇನ್ ಬಂದವರಲ್ಲಿ ಕೆಲವರಿಗೆ ಗಣ್ಯರ ಜಾಗದಲ್ಲಿ ಕೂರುವ ಅವಕಾಶ ಕೊಟ್ಟರು. ರಾಕೆಟ್ ಏರಿದಾಗ ತನಗೂ ಹೆಮ್ಮೆಯಾಯಿತು ಅಂತ ಅಬರ್ನಥಿ ಹೇಳಿಕೊಂಡರು. 

ಇದನ್ನು ಸೋಲು ಅನ್ನುವವರಿದ್ದಾರೆ. ಧಿಕ್ಕಾರ ಕೂಗಲು ಹೋದವನು ಚಪ್ಪಾಳೆ ತಟ್ಟಿ ಬಂದ ಅಂತ. ನಮಗೆ ಹಾಗೆ ಕಾಣುವುದಿಲ್ಲ. ಹೊರಗೆ ನಿಂತು ‘ಅದು ನಿಮ್ಮದು, ನಮಗೆ ಬೇಡ’ ಅನ್ನುವುದು ಸುಲಭ. ‘ಅದು ನಮ್ಮದೂ ಹೌದು, ಆದ್ದರಿಂದಲೇ ಲೆಕ್ಕ ಕೇಳಲು ಬಂದಿದ್ದೇವೆ’ ಅನ್ನುವುದು ಕಷ್ಟ. ಅಬರ್ನಥಿ ಎರಡನೆಯದನ್ನು ಮಾಡಿದರು. ಅವರು ಬಾಗಿಲಲ್ಲಿ ನಿಂತು ಕೇಳಿದ್ದು ಪಾವಗಡದ ಹುಡುಗ ಕೇಳಿದ್ದನ್ನೇ: ಮೇಮು ಅಂತಾನಾ, ಮನಂ ಅಂತಾನಾ?

ಪೇನ್ ಕೊಟ್ಟ ಉತ್ತರವನ್ನೂ ನೋಡಬೇಕು. ನಾಳೆ ಗುಂಡಿ ಒತ್ತದೆ ಇದ್ದರೆ ಬಡತನ ಹೋಗುತ್ತೆ ಅನ್ನುವುದಾದರೆ ನಾವು ಗುಂಡಿ ಒತ್ತೋದಿಲ್ಲ. ಆದರೆ ನಿಮ್ಮ ಸಮಸ್ಯೆಯ ಮುಂದೆ ಚಂದ್ರನಿಗೆ ಹೋಗೋದು ಮಕ್ಕಳಾಟ ಅನ್ನುವ ಅರ್ಥದ ಮಾತು ಅದು. ಆ ಮನುಷ್ಯ ಪ್ರಾಮಾಣಿಕವಾಗಿಯೇ ಹೇಳಿದ ಅಂತ ಇಟ್ಟುಕೊಳ್ಳೋಣ. ಆದರೂ ಒಂದನ್ನು ಬಿಟ್ಟು ಹೇಳಿದ. ಬಡತನ ಯಾಕೆ ಕಷ್ಟ?

1961ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿ ಈ ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನಿಗೆ ಕಳಿಸಿ ವಾಪಸು ತರುತ್ತೇವೆ ಅಂದಾಗ ಅಮೆರಿಕಕ್ಕೆ ಇದ್ದ ಅನುಭವ ಒಬ್ಬನ ಹದಿನೈದು ನಿಮಿಷದ ಹಾರಾಟ. ಎಂಟು ವರ್ಷದಲ್ಲಿ ಸುಮಾರು ನಾಲ್ಕು ಲಕ್ಷ ಜನ ದುಡಿದು ಅದನ್ನು ಮಾಡಿದರು. ಅವರಿಗೆ ಎದುರಾಳಿಯಾಗಿ ಇದ್ದದ್ದು ಭೂಮಿಯ ಸೆಳೆತ. ಭೂಮಿಯ ಸೆಳೆತ ಬಲವಾದದ್ದು, ಆದರೆ ಅದಕ್ಕೆ ವಾರಸುದಾರರಿಲ್ಲ. ಅದು ಇದ್ದರೆ ತನಗೆ ಲಾಭ ಅಂತ ಅದರ ಪರವಾಗಿ ಕೋರ್ಟಿಗೆ ಹೋಗುವವರಿಲ್ಲ, ಗುಂಡು ಹಾರಿಸುವವರಿಲ್ಲ, ಶಾಸ್ತ್ರ ಬರೆಯುವವರಿಲ್ಲ. ಬಡತನಕ್ಕೆ, ಬಣ್ಣದ ಭೇದಕ್ಕೆ, ಜಾತಿಗೆ ವಾರಸುದಾರರಿದ್ದಾರೆ. ಅದು ಉಳಿದರೆ ಯಾರಿಗೋ ಅಗ್ಗದ ಕೂಲಿ ಸಿಗುತ್ತೆ, ಯಾರಿಗೋ ಮೇಲಿನ ಜಾಗ ಸಿಗುತ್ತೆ. ಕಷ್ಟ ಇರುವುದು ಇಲ್ಲಿ. ಹಣ, ಬುದ್ಧಿ ಇವು ಆಮೇಲಿನ ಮಾತು. ಚಂದ್ರಯಾನ ನಮಗೆ ಕಲಿಸುವುದು ಇದನ್ನೇ: ನಿರ್ಧಾರ ಮಾಡಿದರೆ ಮನುಷ್ಯ ಮಾಡುತ್ತಾನೆ. ಮಾಡದೆ ಉಳಿದಿದ್ದರೆ, ಯಾರೋ ಮಾಡಬಾರದು ಅಂತ ನಿರ್ಧರಿಸಿದ್ದಾರೆ.

ಈಗ ಒಳಗೆ ಬಿಡದೆ ನಿಲ್ಲಿಸಿದವರ ಕತೆ. ಎರಡನೇ ರಾತ್ರಿ ಹುಡುಗರು ಉಸಿರು ಬಿಗಿಹಿಡಿದು ಕೇಳಿದ್ದು ಎಡ್ ಡ್ವೈಟ್‌ರ ಮಾತು. ಕ್ಯಾನ್ಸಾಸ್‌ನಲ್ಲಿ 1933ರಲ್ಲಿ ಹುಟ್ಟಿದ ಕಪ್ಪು ಮನುಷ್ಯ, ವಾಯುಪಡೆಯ ಕ್ಯಾಪ್ಟನ್. ಕೆನಡಿ ಸರ್ಕಾರದ ಕಾಲದಲ್ಲಿ ಬಾಹ್ಯಾಕಾಶ ಯಾತ್ರಿಗಳನ್ನು ತಯಾರು ಮಾಡುವ ಪೈಲಟ್ ಶಾಲೆಗೆ ಅವರನ್ನು ಸೇರಿಸಿದರು. ಕಪ್ಪು ಜನರ ಪತ್ರಿಕೆಗಳು ಅವರ ಫೋಟೊ ಮುಖಪುಟಕ್ಕೆ ಹಾಕಿ ಸಂಭ್ರಮಿಸಿದವು. ಶಾಲೆಯೊಳಗೆ ತನ್ನನ್ನು ಒಂಟಿ ಮಾಡಿದರು ಅಂತ ಡ್ವೈಟ್ ಹೇಳುತ್ತಾರೆ. ಶಾಲೆಯ ಮುಖ್ಯಸ್ಥ ಅದನ್ನು ಒಪ್ಪಲಿಲ್ಲ. 1963ರ ಅಕ್ಟೋಬರ್‌ನಲ್ಲಿ ನಾಸಾ ಹದಿನಾಲ್ಕು ಜನರನ್ನು ಆರಿಸಿತು. ಡ್ವೈಟ್ ಅದರಲ್ಲಿ ಇರಲಿಲ್ಲ. ಮುಂದಿನ ತಿಂಗಳು ಕೆನಡಿ ಕೊಲೆಯಾದರು. 1966ರಲ್ಲಿ ಡ್ವೈಟ್ ವಾಯುಪಡೆ ಬಿಟ್ಟರು, ಆಮೇಲೆ ಶಿಲ್ಪಿಯಾದರು, ತಮ್ಮ ಜನರ ಚರಿತ್ರೆಯನ್ನು ಕಂಚಿನಲ್ಲಿ ಎರಕ ಹೊಯ್ಯುತ್ತಾ ಬಂದರು.

1969ರಿಂದ 1972ರವರೆಗೆ ಚಂದ್ರನ ಮೇಲೆ ಹನ್ನೆರಡು ಜನ ನಡೆದರು. ಹನ್ನೆರಡೂ ಬಿಳಿಯ ಗಂಡಸರು. ಅಮೆರಿಕದ ಕಪ್ಪು ಮನುಷ್ಯನೊಬ್ಬ, ಗೈ ಬ್ಲೂಫರ್ಡ್, ಆಕಾಶಕ್ಕೆ ಏರಿದ್ದು 1983ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು, 1980ರಲ್ಲಿ, ಕ್ಯೂಬಾದ ಅರ್ನಾಲ್ಡೊ ತಮಾಯೊ ಮೆಂಡೆಸ್ ಸೋವಿಯತ್ ನೌಕೆಯಲ್ಲಿ ಹೋಗಿಬಂದಿದ್ದರು. ಹುಡುಗನಾಗಿದ್ದಾಗ ಬೂಟು ಪಾಲಿಶ್ ಮಾಡಿದ ಅನಾಥ ಆತ. ಬಟ್ಟೆ ಗಿರಣಿಯಲ್ಲಿ ದುಡಿದ ವಲೆಂಟಿನಾ ತೆರೆಷ್ಕೋವಾರನ್ನು ಸೋವಿಯತ್ ದೇಶ 1963ರಲ್ಲೇ ಕಳಿಸಿತು. ಇದನ್ನು ಕೇಳಿ ನಮ್ಮ ಕೆಲವು ಗೆಳೆಯರು ಬೀಗಿದರು. ಆದರೆ ಅವರ ನಂತರ ಇನ್ನೊಬ್ಬ ಹೆಂಗಸು ಹೋಗಲು 1982ರವರೆಗೆ, ಹತ್ತೊಂಬತ್ತು ವರ್ಷ, ಕಾಯಬೇಕಾಯಿತು. ಒಬ್ಬರನ್ನು ಮೆರವಣಿಗೆ ಮಾಡಿ ಉಳಿದವರಿಗೆ ಬಾಗಿಲು ಹಾಕುವ ವಿದ್ಯೆ ಎಲ್ಲ ಸರ್ಕಾರಕ್ಕೂ ಗೊತ್ತು.

ಈ ಚಿತ್ರ ಬಂದಾಗ ಡ್ವೈಟ್ ಹಾರದೆ ಉಳಿದ ಮುದುಕ. 2024ರ ಮೇ 19ರಂದು, ತೊಂಬತ್ತನೇ ವಯಸ್ಸಿನಲ್ಲಿ, ಅವರು ಬ್ಲೂ ಒರಿಜಿನ್ ನೌಕೆಯಲ್ಲಿ ಹೋಗಿಬಂದರು. ಸುಮಾರು ಹತ್ತು ನಿಮಿಷ. ಜಗತ್ತಿನ ಮಹಾ ಶ್ರೀಮಂತರಲ್ಲಿ ಒಬ್ಬನ ಕಂಪನಿ ಅದು. ಇದು ನನ್ನ ಬಾಳಿಗೆ ಬೇಕಿಲ್ಲ ಅಂದುಕೊಂಡಿದ್ದೆ, ಬೇಕಾಗಿತ್ತು ಅಂತ ಈಗ ಗೊತ್ತಾಯಿತು ಅನ್ನುವ ಹಾಗೆ ಅವರು ಇಳಿದ ಮೇಲೆ ಮಾತಾಡಿದರು. ಆ ಮಾತು ನಮ್ಮನ್ನು ಕಲಕಿತು. ಸಿಗದ್ದನ್ನು ಬೇಡ ಅಂದುಕೊಂಡು ಬದುಕುವುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಅರವತ್ತು ವರ್ಷ ತಡವಾಗಿ, ಸರ್ಕಾರ ಮುಚ್ಚಿದ ಬಾಗಿಲನ್ನು ಒಬ್ಬ ಸಾಹುಕಾರನ ನೌಕೆ ಹತ್ತು ನಿಮಿಷ ತೆರೆದರೆ ಅದು ನ್ಯಾಯವೇ? ಸಂತೋಷ ಹೌದು. ನ್ಯಾಯ ಅಲ್ಲ. ನ್ಯಾಯಕ್ಕೆ ತಪ್ಪು ಮಾಡಿದವರು ತಪ್ಪು ಅಂತ ಒಪ್ಪಿಕೊಳ್ಳಬೇಕು.

ಡ್ವೈಟ್‌ರದು ಹಾರದವರ ಕತೆಯಾದರೆ, ಹಾರಿಸಿದವರ ಕತೆ ಬೇರೆ. ವರ್ಜೀನಿಯಾದ ಲ್ಯಾಂಗ್ಲಿ ಪ್ರಯೋಗಶಾಲೆಯಲ್ಲಿ ಗಣಿತದ ಲೆಕ್ಕ ಮಾಡುವ ಕಪ್ಪು ಹೆಂಗಸರಿದ್ದರು. ಅಲ್ಲಿನ ಊಟದ ಮನೆಯಲ್ಲಿ ಅವರಿಗೆ ಬೇರೆ ಮೇಜು, ಮೇಜಿನ ಮೇಲೆ ಅವರ ಬಣ್ಣ ಹೇಳುವ ಒಂದು ಬೋರ್ಡು. ಮಿರಿಯಮ್ ಮ್ಯಾನ್ ಅನ್ನುವ ಹೆಂಗಸು ಆ ಬೋರ್ಡನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಇನ್ನೊಂದು ಬರುತ್ತಿತ್ತು, ಅದನ್ನೂ ತೆಗೆಯುತ್ತಿದ್ದರು. ಕೊನೆಗೆ ಬರುವುದು ನಿಂತಿತು. 1962ರಲ್ಲಿ ಜಾನ್ ಗ್ಲೆನ್ ಭೂಮಿ ಸುತ್ತಲು ಹೊರಟಾಗ ಯಂತ್ರ ಮಾಡಿದ ಲೆಕ್ಕವನ್ನು ಕೈಯಲ್ಲಿ ಮಾಡಿ ಸರಿಯಿದೆ ಅಂದವರು ಅದೇ ಗುಂಪಿನಿಂದ ಬಂದ ಕ್ಯಾಥರೀನ್ ಜಾನ್ಸನ್. ಊಟದ ಮೇಜು ಬೇರೆ, ಲೆಕ್ಕ ಮಾತ್ರ ನಂಬಿಕೆಗೆ ಅರ್ಹ! ಹಳ್ಳಿಯ ಹೋಟೆಲಿನಲ್ಲಿ ಬೇರೆ ಲೋಟ ಕಂಡ ನಮಗೆ ಇದಕ್ಕೆ ಟೀಕೆ ಟಿಪ್ಪಣಿ ಬೇಕಿಲ್ಲ.

ಇನ್ನೂ ಕೆಳಗೆ ಇಳಿದರೆ ಕತ್ತಲೆ. ಸ್ಯಾಟರ್ನ್ 5ನ್ನು ಕಟ್ಟಿಸಿದ ವರ್ನರ್ ಫಾನ್ ಬ್ರೌನ್ ಹಿಟ್ಲರನ ಜರ್ಮನಿಗಾಗಿ ವಿ-2 ಕ್ಷಿಪಣಿ ಮಾಡಿದ್ದವನು, ನಾಜಿ ಪಕ್ಷದ ಸದಸ್ಯನಾಗಿದ್ದವನು. ಆ ಕ್ಷಿಪಣಿಗಳು ತಯಾರಾಗುತ್ತಿದ್ದದ್ದು ಬೆಟ್ಟದೊಳಗಿನ ಸುರಂಗದಲ್ಲಿ. ದುಡಿಯುತ್ತಿದ್ದವರು ಮಿಟೆಲ್‌ಬೌ-ಡೋರಾ ಶಿಬಿರದ ಕೈದಿಗಳು. ಸುಮಾರು 60,000 ಜನರನ್ನು ಅಲ್ಲಿಗೆ ತಂದರು, ಸುಮಾರು 20,000 ಜನ ಸತ್ತರು. ಆ ಕ್ಷಿಪಣಿ ಬಿದ್ದು ಸತ್ತವರಿಗಿಂತ ಅದನ್ನು ಮಾಡುತ್ತಾ ಸತ್ತವರೇ ಹೆಚ್ಚು. ಯುದ್ಧ ಮುಗಿದ ಮೇಲೆ ಅಮೆರಿಕ ಅವನನ್ನೂ ಅವನ ಜೊತೆಯವರನ್ನೂ ಹಳೆಯದನ್ನು ಕೇಳದೆ ಕರೆದುಕೊಂಡು ಹೋಯಿತು. ಸುರಂಗದ ಕಾರ್ಖಾನೆಯಲ್ಲಿ ಉತ್ಪಾದನೆ ನೋಡಿಕೊಳ್ಳುತ್ತಿದ್ದ ಆರ್ಥರ್ ರುಡಾಲ್ಫ್ ಸ್ಯಾಟರ್ನ್ 5ರ ಯೋಜನಾ ಮುಖ್ಯಸ್ಥನಾದ. ಕೊನೆಗೆ ತನಿಖೆ ಶುರುವಾದಾಗ 1984ರಲ್ಲಿ ಪೌರತ್ವ ಬಿಟ್ಟು ಜರ್ಮನಿಗೆ ಹೋದ. ಆ ರಾಕೆಟ್ ರೂಪುಗೊಂಡ ಹಂಟ್ಸ್‌ವಿಲ್ ಇರುವುದು ಅಲಬಾಮದಲ್ಲಿ. 1963ರಲ್ಲಿ ಚರ್ಚಿಗೆ ಬಾಂಬಿಟ್ಟು ನಾಲ್ಕು ಕಪ್ಪು ಹುಡುಗಿಯರನ್ನು ಕೊಂದದ್ದೂ ಅದೇ ರಾಜ್ಯದಲ್ಲಿ.

ಹಾಗಾದರೆ ಬೇರು ಕೊಳೆತಿದ್ದರೆ ಹಣ್ಣನ್ನು ಎಸೆಯಬೇಕೆ? ಮೂರನೇ ರಾತ್ರಿ ಇದೇ ಜಗಳ. ಎಸೆಯಬೇಕು ಅಂದರೆ ನಾವು ಜಗತ್ತಿನಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ. ದೇವಸ್ಥಾನ, ಕೋಟೆ, ಅಣೆಕಟ್ಟು, ಎಲ್ಲದರ ಅಡಿಯಲ್ಲೂ ಹೆಸರಿಲ್ಲದ ಬೆನ್ನುಗಳಿವೆ. ತಿಂದುಬಿಡೋಣ, ಹಳೆಯದು ಯಾಕೆ ಅಂದರೆ ಸತ್ತವರನ್ನು ಇನ್ನೊಮ್ಮೆ ಕೊಂದ ಹಾಗೆ. ನಮಗೆ ತೋಚಿದ್ದು ಇಷ್ಟು: ಅದು ಹಾರಿತು ಅನ್ನುವುದು, ಅದನ್ನು ಹೇಗೆ ಮಾಡಿದಿರಿ ಅನ್ನುವುದಕ್ಕೆ ಉತ್ತರವಲ್ಲ. ಮಾಡಿದ್ದರ ದೊಡ್ಡತನವನ್ನು ಒಪ್ಪಬಹುದು, ಆದರೆ ಅದರಿಂದ ಮಾಡಿದವರ ಪಾಪ ತೀರುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಡೋರಾದಲ್ಲಿ ಸತ್ತವರನ್ನು ‘ನಾವು ಚಂದ್ರನಿಗೆ ಹೋದೆವು’ ಅನ್ನುವ ‘ನಾವು’ ಒಳಗೆ ಸೇರಿಸಿಕೊಳ್ಳುವ ಹಾಗೂ ಇಲ್ಲ. ಅವರು ಬಂದವರಲ್ಲ, ತುಳಿಸಿಕೊಂಡವರು. ಅವರನ್ನು ಪಾಲುದಾರರು ಅನ್ನುವುದು ಅವಮಾನ. ಅವರಿಗೆ ಸಲ್ಲಬೇಕಾದ್ದು ಪಾಲು ಅಲ್ಲ, ಲೆಕ್ಕ.

ಇಷ್ಟಾದ ಮೇಲೂ ಈ ಕತೆಯಲ್ಲಿ ನಾವು ಬಿಟ್ಟುಕೊಡಲಾಗದ ಒಂದು ಇದೆ. ಅದು ನಮಗೆ ಸಿಕ್ಕಿದ್ದು ಇನ್ನೊಂದು ಸರಣಿಯಲ್ಲಿ: 2008ರ ‘ಮೂನ್ ಮಷೀನ್ಸ್’, ಆರು ಭಾಗ, ಯಂತ್ರ ಮಾಡಿದವರ ಬಗ್ಗೆ. ಚಂದ್ರನ ಮೇಲೆ ತೊಟ್ಟ ಉಡುಪನ್ನು ಹೊಲಿದವರು ಒಂದು ಕಾರ್ಖಾನೆಯ ದರ್ಜಿ ಹೆಂಗಸರು. ಪದರದ ಮೇಲೆ ಪದರ, ಒಟ್ಟು ಇಪ್ಪತ್ತೊಂದು. ಒಂದು ಗುಂಡುಸೂಜಿ ಒಳಗೆ ಉಳಿದರೂ ಅಪಾಯ, ಆದ್ದರಿಂದ ಉಡುಪಿಗೆ ಎಕ್ಸ್-ರೇ ತೆಗೆದು ನೋಡುತ್ತಿದ್ದರು. ನೌಕೆಗೆ ದಾರಿ ತೋರುವ ಕಂಪ್ಯೂಟರಿನ ನೆನಪನ್ನು ಬಾಸ್ಟನ್ ಹತ್ತಿರದ ವಾಲ್ಥಮ್‌ನಲ್ಲಿ ಹೆಂಗಸರು ಕೈಯಿಂದ ನೇಯ್ದರು. ತಂತಿ ಉಂಗುರದೊಳಗೆ ಹೋದರೆ ಒಂದು, ಹೊರಗೆ ಹೋದರೆ ಸೊನ್ನೆ. ನೇಕಾರರಿಗೆ, ದರ್ಜಿಗಳಿಗೆ ಇದು ಅರ್ಥವಾಗುವ ವಿದ್ಯೆ.

ಒಬ್ಬ ಮನುಷ್ಯನ ಉಸಿರಿಗಾಗಿ ಇಪ್ಪತ್ತೊಂದು ಪದರ! ಒಂದು ಸಮಾಜ ಒಬ್ಬನ ಉಸಿರು ಮುಖ್ಯ ಅಂತ ನಿರ್ಧರಿಸಿದರೆ ಏನೇನು ಮಾಡಬಲ್ಲದು ಅನ್ನುವುದಕ್ಕೆ ಆ ಉಡುಪು ಸಾಕ್ಷಿ. ಅದನ್ನು ನೋಡಿದ ಮೇಲೆ ‘ಸಾಧ್ಯವಿಲ್ಲ’ ಅನ್ನುವ ಮಾತನ್ನು ನಾವು ಯಾರಿಂದಲೂ ಕೇಳಿಸಿಕೊಳ್ಳಬೇಕಿಲ್ಲ.

ಬೆಂಗಳೂರಿನಲ್ಲಿ 2019ರಿಂದ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋದ ಕೇಂದ್ರವೊಂದಿದೆ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಹೆಸರುಕಾಳು, ಮೆಂತ್ಯದ ಪ್ರಯೋಗವೂ ಹೋಯಿತು. ನಮಗೆ ಖುಷಿಯೇ. ಅದೇ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆರು ಮಹಾನಗರಗಳ ಹೆಸರು ಹಿಡಿದು, ಕೈಯಿಂದ ಮಲ ಬಳಿಸುವುದನ್ನು, ಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಿಲ್ಲಿಸಿ ಅಂತ ಆಜ್ಞೆ ಮಾಡಬೇಕಾಯಿತು. ಆರರಲ್ಲಿ ಬೆಂಗಳೂರೂ ಒಂದು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂದ ಮೇಲೂ! ಮೇಲೆ ಹೋಗುವವನ ಉಸಿರಿಗೆ ಪದರಗಳು, ಕೆಳಗೆ ಇಳಿಯುವವನ ಉಸಿರಿಗೆ ಒಂದು ಹಗ್ಗ. ಮೇಲೆ ಹೋಗುವುದನ್ನು ನಿಲ್ಲಿಸಿ ಅಂತ ನಾವು ಹೇಳುತ್ತಿಲ್ಲ. ಅಬರ್ನಥಿಯ ಹಾಗೆ ಬಾಗಿಲಿಗೆ ಬಂದು ಕೇಳುತ್ತಿದ್ದೇವೆ: ಮೇಲಿನ ಉಸಿರನ್ನು ಕಾಯಬಲ್ಲವರಿಗೆ ಕೆಳಗಿನದು ಯಾಕೆ ಆಗೋದಿಲ್ಲ? ಚರಂಡಿಗೆ ಮನುಷ್ಯನೇ ಇಳಿಯಬೇಕು ಅಂತ ಯಾರು ನಿರ್ಧರಿಸಿದರು, ಅದೂ ಯಾವ ಕೇರಿಯ ಮನುಷ್ಯ ಅಂತ?

ಪಾವಗಡದ ಹುಡುಗನಿಗೆ ನಾವು ಕೊಟ್ಟ ಉತ್ತರ ಇಷ್ಟು. ಆ ಫಲಕದ ‘ನಾವು’ ಬರೆದಾಗ ಮೇಮು ಆಗಿತ್ತು. ಅದು ಮನಂ ಅಂತ ಹೇಳಿಕೊಂಡಿತು. ಹೇಳಿಕೊಂಡದ್ದರಿಂದ ಅದು ಸಾಲಪತ್ರವಾಯಿತು. ಸಾಲಪತ್ರವನ್ನು ಸುಳ್ಳು ಅಂತ ಹರಿದು ಹಾಕಿದರೆ ಲಾಭ ಸಾಲಗಾರನಿಗೆ. ಅದನ್ನು ಜೋಪಾನವಾಗಿ ಇಟ್ಟುಕೊಂಡು, ಅವನ ಸಹಿ ತೋರಿಸಿ, ವಸೂಲಿಗೆ ಹೋಗಬೇಕು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಇನ್ನೊಂದು ಕೇಳಿದ: ‘ಸಾರ್, ನಮ್ಮ ಸಂಘಟನೆಯವರು ನಾವು ಅಂತಾರಲ್ಲ, ಅದು ಯಾವುದು?’ 

ಅವತ್ತು ಆ ಹಾಲ್‌ನಲ್ಲಿ ಕೂತಿದ್ದ ನಮ್ಮಲ್ಲಿ ಹೆಂಗಸರು ಇಬ್ಬರೇ. ಅಡುಗೆಯ ಅಮ್ಮ ಪಾತ್ರೆ ತೊಳೆಯುತ್ತಾ ಹೊರಗೇ ಇದ್ದರು. ಆಕೆಯನ್ನು ಚಿತ್ರಕ್ಕೆ ಕರೆಯಬೇಕು ಅಂತ ಮೂರು ರಾತ್ರಿಯೂ ನಮಗೆ ಯಾರಿಗೂ ಹೊಳೆದಿರಲಿಲ್ಲ. ಮುಂದಿನ ವಾರ ಮತ್ತೆ ಪಂಚೆ ಕಟ್ಟುತ್ತೇವೆ. ಪಾತ್ರೆ ಮೊದಲು ನಾವೇ ತೊಳೆದಿಟ್ಟು.